ಅಜ್ಜನ ಊರಿಗೆ ಮತ್ತೆ ಸೇರಿಕೊಳ್ಳಲು ಮನೆ ಕಟ್ಟಬೇಕಾ? ಮೊದಲು ವರಿ ಪಟ್ಟಿ ನೋಡಿ

ಬೆಂಗಳೂರಲ್ಲಿ ಹುಟ್ಟಿದವರು, ನಾಗಮಂಗಲ ತಾಲ್ಲೂಕಿನಲ್ಲಿ ಅಜ್ಜನ ಊರು, ಅಲ್ಲೊಂದು ಬಿದ್ದುಹೋದ ಮನೆ, ಅಜ್ಜನ ಹೆಸರಲ್ಲೇ ಉಳಿದಿರುವ 1 ಎಕರೆ 20 ಗುಂಟೆ. ಊರಿಗೆ ಹೋದರೆ 'ಯಾರ ಪೈಕಿ?' ಅಂತ ಕೇಳುತ್ತಾರೆ. ಊರಿನವನು ಅನ್ನಿಸಿಕೊಳ್ಳಲು ಮನೆ ಕಟ್ಟಲಾ, ಇಲ್ಲ ದೇವಸ್ಥಾನದ ಜೀರ್ಣೋದ್ಧಾರಕ್ಕೆ 1 ಲಕ್ಷ ಕೊಡಲಾ ಎಂದು ಕೇಳಿದ್ದೀರಿ.

ಎರಡೂ ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ನಮ್ಮದೂ ಅದೇ ಸೀಮೆ, ನನ್ನದೂ ಒಂದು ಕಾಲಕ್ಕೆ ಇದೇ ಪ್ರಶ್ನೆ. ನಮ್ಮ ಮನೆಯಲ್ಲಿ ತಪ್ಪಿದ್ದು ಒಂದೇ ಕಡೆ: ಅಜ್ಜ ತೀರಿಕೊಂಡ ಮೇಲೆ ಊರಹಬ್ಬದ ವರಿ, ಅಂದರೆ ಹಬ್ಬದ ಖರ್ಚಿಗೆ ಪ್ರತಿ ಮನೆಯೂ ಕೊಡುವ ಪಾಲು, ಕಟ್ಟುವುದು ನಿಂತುಹೋಯಿತು, ಅದರ ಬದಲು ಆಗೊಮ್ಮೆ ಈಗೊಮ್ಮೆ ದೊಡ್ಡ ದೇಣಿಗೆ ಕೊಟ್ಟೆವು. ಕೊಟ್ಟ ಹಣ ವರಿಗಿಂತ ಎಷ್ಟೋ ಪಾಲು ಹೆಚ್ಚು. ಆದರೂ ಅಜ್ಜಿಯ ಹೆಣ ಊರಿಗೆ ತಂದಾಗ ಗುಂಡಿ ತೆಗೆಯಲು ಕೂಲಿ ಕೊಟ್ಟು ಜನ ಕರೆಸಬೇಕಾಯಿತು. ಹಾಗೇಕಾಯಿತು ಅನ್ನುವುದು ನಿಮಗೆ ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಅದಕ್ಕೇ ಈ ವರಿಯ ವಿಷಯವನ್ನೇ ಉದ್ದಕ್ಕೆ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುತ್ತಿದ್ದಂತೆ ಹಬ್ಬದ ಮಾತು ಶುರುವಾಗುತ್ತದೆ. ಒಂದು ಸಂಜೆ ಯಜಮಾನರು ಅರಳಿಕಟ್ಟೆಯಲ್ಲೋ ಗುಡಿಯ ಜಗಲಿಯಲ್ಲೋ ಊರವರನ್ನು ಸೇರಿಸುತ್ತಾರೆ. ಹೋದ ಸಲದ ಜಮಾ ಖರ್ಚು ಓದುತ್ತಾರೆ. ಈ ಸಲ ಕೊಂಡದ (ಕೆಂಡ ಹಾಯುವ ಗುಂಡಿಯ) ಸೌದೆಗೆ ಎಷ್ಟು, ಹೂವಿಗೆ ಎಷ್ಟು, ಟಮಟೆಯವರಿಗೆ, ಪೂಜಾ ಕುಣಿತದವರಿಗೆ, ಲೈಟಿಗೆ, ಶಾಮಿಯಾನಕ್ಕೆ ಎಷ್ಟು ಅಂತ ಅಂದಾಜು ಹಾಕಿ, ಬಂದ ಮೊತ್ತವನ್ನು ಒಕ್ಕಲ ಲೆಕ್ಕದಲ್ಲಿ ಹಂಚುತ್ತಾರೆ. 3 ಲಕ್ಷ ಖರ್ಚು, 150 ಒಕ್ಕಲು ಅಂತಿಟ್ಟುಕೊಳ್ಳಿ, ಮನೆಗೆ 2,000 ವರಿ. ಒಕ್ಕಲು ಅಂದರೆ ಬೇರೆ ಒಲೆ ಹೂಡಿದ ಸಂಸಾರ. ಅಣ್ಣತಮ್ಮಂದಿರು ಪಾಲಾದರೆ ಆ ವರ್ಷದಿಂದಲೇ ಒಂದು ವರಿ ಎರಡಾಗುತ್ತದೆ. ಮದುವೆಯಾಗದ ಗಂಡುಮಕ್ಕಳಿಗೆ ಬೇರೆ ವರಿ ಇಲ್ಲ. ಒಂಟಿ ಮುದುಕಿಯ ಮನೆಗೆ ಅರ್ಧವೋ ಪೂರ್ತಿಯೋ ಬಿಡುವ ಊರುಗಳುಂಟು. ಮಿಕ್ಕವರಿಗೆಲ್ಲ ಒಂದೇ ದರ. ತೆಂಗಿನ ತೋಟದವನಿಗೂ 2,000, ಕೂಲಿಗೆ ಹೋಗುವವನಿಗೂ 2,000. ಇದು ಬಡವರಿಗೆ ಭಾರ ಅನ್ನುವುದು ನಿಜ. ಆದರೆ ಆ ಕಟ್ಟೆಯ ಮೇಲೆ ಅವನು ತಲೆಯೆತ್ತಿ ಲೆಕ್ಕ ಕೇಳುವುದೂ ಆ 2,000ದ ಬಲದಿಂದಲೇ.

ವರಿ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಉದ್ದನೆಯ ಲೆಕ್ಕದ ಪುಸ್ತಕ. ಎಡಕ್ಕೆ ಕ್ರಮಸಂಖ್ಯೆ, ಆಮೇಲೆ ಹೆಸರು, ವರಿ, ಜಮಾ, ಕೊನೆಗೆ ಬಾಕಿ. ಹೆಸರಿನ ಸಾಲಿನಲ್ಲಿ ಇರುವವರಲ್ಲಿ ಎಷ್ಟೋ ಜನ ಸತ್ತು ವರ್ಷಗಳಾಗಿರುತ್ತವೆ. ಮೊಮ್ಮಗ ಕಟ್ಟುತ್ತಿದ್ದರೂ ಅಜ್ಜನ ಹೆಸರೇ ಮುಂದುವರಿದಿರುತ್ತದೆ, ಯಾಕೆಂದರೆ ಅದು ಮನೆಯ ಗುರುತು. ದೇಣಿಗೆಗೆ ಈ ಸಾಲುಗಳಲ್ಲಿ ಜಾಗವಿಲ್ಲ. ಅದನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ, ಹೊರಗಿನಿಂದ ಬಂದ ಹಣ ಅಂತ ಬೇರೆಯೇ ಬರೆಯುತ್ತಾರೆ. ಎಂಎಲ್ಎ ಕೊಟ್ಟಿದ್ದು, ಗೊಬ್ಬರದ ಅಂಗಡಿಯವರು ಕೊಟ್ಟಿದ್ದು, ಬೆಂಗಳೂರಿನವರು ಕೊಟ್ಟಿದ್ದು ಎಲ್ಲ ಅಲ್ಲಿಗೇ. ನಮ್ಮ ಮನೆ ಮುಂದಿನ ಹಾಳೆಯಿಂದ ಹಿಂದಿನ ಹಾಳೆಗೆ ಹೋಗಿದ್ದು ಹೀಗೆ. ಯಾರೂ ದ್ವೇಷದಿಂದ ಹೆಸರು ಹೊಡೆದುಹಾಕಲಿಲ್ಲ. ಹೊಸ ಪುಸ್ತಕಕ್ಕೆ ಹೆಸರು ಇಳಿಸಿಕೊಳ್ಳುವಾಗ ಆ ಸಾಲನ್ನು ಇಳಿಸಲಿಲ್ಲ, ಅಷ್ಟೇ.

ಇಲ್ಲೊಂದು ಸೂಕ್ಷ್ಮ ಇದೆ. ವರಿ ಬಾಕಿ ಇಟ್ಟವನು ಊರಿನವನೇ. ನಾಲ್ಕು ವರ್ಷ ಕಟ್ಟದಿದ್ದರೂ ಅವನ ಸಾಲು ಇರುತ್ತದೆ, ಬಾಕಿ ಮುಂದಕ್ಕೆ ಹೋಗುತ್ತಿರುತ್ತದೆ, ಸಭೆಯಲ್ಲಿ ಅವನ ಹೆಸರು ಕೂಗುತ್ತಾರೆ, ಬೈಯುತ್ತಾರೆ. ಬೈಯಲು ಹೆಸರೇ ಇಲ್ಲದವನು ಹೊರಗಿನವನು. ದೇಣಿಗೆ ಕೊಟ್ಟವನನ್ನು ಯಾರೂ ಬೈಯುವುದಿಲ್ಲ. ಶಾಲು ಹೊದಿಸಿ, ಹಾರ ಹಾಕಿ, ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಗುಡಿಯ ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತಾರೆ. ಕುರ್ಚಿಯಲ್ಲಿ ಕೂತವನಿಗೆ ಸೌದೆ ಹೊರು ಅಂತ ಯಾರೂ ಹೇಳುವುದಿಲ್ಲ. ಅವನ ಮನೆಯ ಸಾವಿಗೆ ಹಾರೆ ಹಿಡಿದು ಬರುವುದು ತಮ್ಮ ಕೆಲಸ ಅಂತಲೂ ಯಾರಿಗೂ ಅನ್ನಿಸುವುದಿಲ್ಲ. ಹಬ್ಬದಲ್ಲಿ ದೇವರು ಯಾವ ಮನೆ ಬಾಗಿಲಲ್ಲಿ ನಿಂತು ಪೂಜೆ ತೆಗೆದುಕೊಳ್ಳುತ್ತದೆ, ಆರತಿಯ ಸರದಿ ಯಾವ ಮನೆಯದು, ಮರಿ ಕೊಯ್ದ ಮೇಲೆ ಗುಡ್ಡೆ ಬಾಡು (ಪಾಲು ಹಾಕಿದ ಮಾಂಸ) ಯಾವ ಮನೆಗೆ, ಜಗಳ ಬಂದಾಗ ಯಾರ ಮಾತಿಗೆ ಜಾಗ, ಸಾವಿನ ಸುದ್ದಿ ಯಾರ ಮನೆಗೆ ಹೇಳಿಕಳಿಸಬೇಕು: ಇವೆಲ್ಲ ಮುಂದಿನ ಹಾಳೆಯ ಸಾಲುಗಳನ್ನು ನೋಡಿಯೇ ನಡೆಯುವುದು. 1 ಲಕ್ಷ ಕೊಟ್ಟರೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಮೊದಲು ನಿಮ್ಮ ಸಾಲು ಹುಡುಕಿ. ಅಜ್ಜನ ಪಹಣಿ ಹೆಸರು ಹಿಡಿದು ಹೋದರೆ ಸಿಗದಿರಬಹುದು. ಊರಲ್ಲಿ ಕರೆಯುತ್ತಿದ್ದ ಹೆಸರು, ಮನೆತನದ ಹೆಸರು ಬೇಕು. ದಾಯಾದಿಗಳಲ್ಲಿ ವಯಸ್ಸಾದವರನ್ನು, ಅದರಲ್ಲೂ ಹೆಂಗಸರನ್ನು ಕೇಳಿ. ಯಾವ ಮನೆಗೆ ಯಾವ ಹೆಸರು ಅನ್ನುವುದು ಅವರ ಬಾಯಲ್ಲಿರುತ್ತದೆ. ಆ ಸಾಲಿನಲ್ಲಿ ನಿಮ್ಮ ದೊಡ್ಡಪ್ಪನ ಮಗನೋ ಚಿಕ್ಕಪ್ಪನೋ ಈಗಲೂ ವರಿ ಕಟ್ಟುತ್ತಿದ್ದಾರಾ ಅಂತ ವಿಚಾರಿಸಿ. ಕಟ್ಟುತ್ತಿದ್ದರೆ, ಅವರಿಗೆ ಹೇಳದೆ ಹೋಗಿ ನಿಮ್ಮ ಹೆಸರಲ್ಲಿ ಹೊಸ ಸಾಲು ಬರೆಸಲೇಬೇಡಿ. ಬೇರೆ ವರಿ ಅಂದರೆ ಊರಿನ ಕಣ್ಣಲ್ಲಿ ಪಾಲಾಯಿತು ಅಂತ ಅರ್ಥ. ಹಬ್ಬಕ್ಕೆ ಹೋದವರು ಆಸ್ತಿ ಜಗಳ ಎಬ್ಬಿಸಿಬಂದಂತೆ ಆಗುತ್ತದೆ. 'ಅಣ್ಣಯ್ಯ, ಈ ಸಲ ವರಿಯಲ್ಲಿ ನನ್ನ ಪಾಲು ನಾನು ಹಾಕ್ತೀನಿ' ಅಂತ ಅವರ ಕೈಗೆ ಕೊಡಿ. ಸಾಲು ಒಂದೇ ಇರಲಿ. ಬೇರೆ ಬರೆಸುವುದೋ ಬೇಡವೋ ಅನ್ನುವುದು ಅವರಾಗಿ ಹೇಳಿದ ವರ್ಷ ನೋಡೋಣ.

ಯಾರೂ ಕಟ್ಟುತ್ತಿಲ್ಲ, ಸಾಲೇ ಬಿಟ್ಟುಹೋಗಿದೆ ಅಂದರೆ, ವರಿ ಕೂರಿಸುವ ಸಭೆಯ ದಿನ ಹೋಗಿ. ಹಬ್ಬದ ದಿನ ಹೋದರೆ ಆಗುವುದಿಲ್ಲ. ಅವತ್ತು ಪುಸ್ತಕ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ದಾಯಾದಿಯೊಬ್ಬರ ಜೊತೆ ಹೋಗಿ, ಮಾತು ಅವರೇ ಎತ್ತಲಿ. ಹಳೆ ಬಾಕಿ ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಂಡು ನೋಟಿನ ಕಟ್ಟು ತೆಗೆಯಬೇಡಿ. 'ಬಾಕಿ ಏನು ಮಾಡೋಣ ಅಂತ ಊರು ಹೇಳಲಿ' ಅನ್ನಿ. ಸಾಮಾನ್ಯವಾಗಿ ಈ ವರ್ಷದ್ದು ಕಟ್ಟಿ, ಹಿಂದಿನದಕ್ಕೆ ಇಂತಿಷ್ಟು ಅಂತ ಒಂದು ತೀರ್ಮಾನಕ್ಕೆ ಬರುತ್ತಾರೆ, ಇಲ್ಲವೇ ಬಿಟ್ಟುಬಿಡುತ್ತಾರೆ. ಎಷ್ಟು ಹೇಳುತ್ತಾರೋ ಅಷ್ಟೇ ಕೊಡಿ, ಮೇಲೆ ಒಂದು ರೂಪಾಯಿ ಬೇಡ. ಅಜ್ಜನ ಹೆಸರಲ್ಲೇ ಬರೆಸಿ. ಮುಂದಿನ ವರ್ಷದಿಂದ ಹಬ್ಬ ಸಾರುವುದಕ್ಕೆ ಮುಂಚೆಯೇ ಕಟ್ಟಿಬಿಡಿ, ಆದಷ್ಟೂ ಕೈಯಾರೆ. ಫೋನ್‌ಪೇಯಲ್ಲಿ ಹಾಕಿದರೆ ಹಣ ತಲುಪುತ್ತದೆ, ಆದರೆ ಪುಸ್ತಕ ಬರೆಯುವವರ ಎದುರು ಕೂತು 'ಮನೆಕಡೆ ಹೆಂಗವ್ರೆ?' ಅಂತ ಮಾತಾಡುವ ಕಾಲು ಗಂಟೆ ತಪ್ಪಿಹೋಗುತ್ತದೆ. ಆ ಕಾಲು ಗಂಟೆಯಲ್ಲೇ ಊರಿನ ಅರ್ಧ ಸುದ್ದಿ ಸಿಗುವುದು: ಯಾರಿಗೆ ಹುಷಾರಿಲ್ಲ, ಯಾರ ಮಗಳ ಮದುವೆ ಗೊತ್ತಾಗಿದೆ, ಯಾರ ಬೋರ್‌ವೆಲ್ ಬತ್ತಿದೆ.

ಹಬ್ಬಕ್ಕೆ ಹೋದಮೇಲೆ ರಾತ್ರಿ ಉಳಿಯಿರಿ. ಮಧ್ಯಾಹ್ನ ಕಾರಲ್ಲಿ ಬಂದು, ಬಾಡೂಟ ಮಾಡಿ, ಐದು ಗಂಟೆಗೆ ಟ್ರಾಫಿಕ್ ಭಯಕ್ಕೆ ಹೊರಡುವವರು ನೆಂಟರು. ನಮ್ಮ ಕಡೆ ಎಷ್ಟೋ ಊರಲ್ಲಿ ಟಮಟೆ ಹೊಡೆಸಿ ಹಬ್ಬ ಸಾರಿದ ಮೇಲೆ ಊರಿನವರು ರಾತ್ರಿ ಎಲ್ಲೆ ದಾಟಿ ಮಲಗುವಂತಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ ಅನ್ನುವ ಕಟ್ಟುಪಾಡು ಇದೆ. ನಿಮ್ಮೂರಿನ ಕಟ್ಟು ಏನು ಅಂತ ಮೊದಲೇ ಕೇಳಿಕೊಳ್ಳಿ. ಉಳಿಯಲು ಮನೆ ಇಲ್ಲವಲ್ಲ ಅನ್ನಬೇಡಿ. ದಾಯಾದಿಯ ಮನೆಯಲ್ಲಿ ಮಲಗಿ. ಹೋಗುವಾಗ ಐದು ಕೆಜಿ ಅಕ್ಕಿ, ಎರಡು ಕೆಜಿ ಬೇಳೆ, ಎಣ್ಣೆ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಇಟ್ಟುಬಿಡಿ. ಹಬ್ಬದ ಮನೆಯಲ್ಲಿ ನಾಲ್ಕು ಜನ ಹೆಚ್ಚಾದರೆ ಆ ತಾಯಿಗೆ ಆಗುವ ಹೊರೆ ಎಷ್ಟು ಅಂತ ಗಂಡಸರು ಯೋಚಿಸುವುದೇ ಕಡಿಮೆ.

ಇನ್ನು ಸಾವು. ಹಬ್ಬ ತಪ್ಪಿದರೂ ನಡೆದೀತು, ಸಾವು ತಪ್ಪಬಾರದು. ನಮ್ಮ ಕಡೆ ಹೆಚ್ಚಿನವರು ಹೂಳುತ್ತಾರೆ. ಹೆಣ ಎತ್ತುವ ಮುಂಚೆ ಹೋಗಬೇಕು, ಹಾರ ಹಾಕಬೇಕು, ಗುಂಡಿಯವರೆಗೂ ನಡೆಯಬೇಕು, ಒಂದು ಹಿಡಿ ಮಣ್ಣು ಹಾಕಬೇಕು. ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬಾರದು. ಸುಮ್ಮನೆ ಎದ್ದು ಬರಬೇಕು. ಊರಿನ ಹುಡುಗರು ಗುಂಡಿ ತೆಗೆಯುತ್ತಿದ್ದರೆ ನೀವೂ ಹಾರೆ ಹಿಡಿಯಿರಿ, ಬರದಿದ್ದರೆ ಬುಟ್ಟಿಯಲ್ಲಿ ಮಣ್ಣು ಎತ್ತಿಹಾಕಿ. ಅವತ್ತು ತಲುಪಲಾಗದಿದ್ದರೆ ಗುಂಡಿಗೆ ಹಾಲುತುಪ್ಪ ಬಿಡುವ ಶಾಸ್ತ್ರಕ್ಕೆ ಹೋಗಿ. ತಿಥಿಗೆ ಮಾತ್ರ ಹೋಗುವುದು ಲೆಕ್ಕಕ್ಕೆ ಬರುವುದು ಕಡಿಮೆ, ಯಾಕೆಂದರೆ ಅಲ್ಲಿ ಊಟವಿದೆ, ಎಲ್ಲರೂ ಬರುತ್ತಾರೆ. ಬೆಂಗಳೂರಿನಿಂದ ನಾಗಮಂಗಲದ ಕಡೆಗೆ ಮೂರು ಗಂಟೆಯ ದಾರಿ. ಬೆಳಿಗ್ಗೆ ಸುದ್ದಿ ಬಂದರೆ ಮಧ್ಯಾಹ್ನಕ್ಕೆ ಅಲ್ಲಿರಬಹುದು. ರಜೆ ಉಳಿಸಿಕೊಳ್ಳುವುದಾದರೆ ಇದಕ್ಕಾಗಿ ಉಳಿಸಿಕೊಳ್ಳಿ.

ಮದುವೆಗಳ ಮುಯ್ಯಿಗೂ, ಅಂದರೆ ಮನೆಮನೆಗಳ ನಡುವೆ ಕೊಟ್ಟು ತೀರಿಸುವ ಉಡುಗೊರೆಗೂ, ಒಂದು ಲೆಕ್ಕವಿದೆ. ನಿಮ್ಮ ತಂದೆಯ ಮದುವೆಯ ಮುಯ್ಯಿ ಪುಸ್ತಕ ಮನೆಯಲ್ಲಿ ಎಲ್ಲಾದರೂ ಇದ್ದರೆ ಅದು ನಿಮಗೆ ಪಹಣಿಗಿಂತ ಬೆಲೆಬಾಳುವ ಕಾಗದ. ಯಾವ ಯಾವ ಮನೆಯವರು ಐದು, ಹತ್ತು, ಒಂದು ಪಾತ್ರೆ ಅಂತ ಓದಿಸಿದ್ದಾರೋ ಆ ಮನೆಗಳಿಗೆಲ್ಲ ನಿಮ್ಮ ಕಡೆಯಿಂದ ಮುಯ್ಯಿ ಹಿಂದಿರುಗಬೇಕು. ಆ ಮನೆಗಳ ಮದುವೆಗೆ ಹೋಗಿ, ಊರಲ್ಲಿ ಈಗ ನಡೆಯುತ್ತಿರುವ ದರ ಎಷ್ಟೋ ಅಷ್ಟು ಓದಿಸಿ. 5,000 ಓದಿಸಿ ದೊಡ್ಡವರಾಗಲು ಹೋಗಬೇಡಿ. ನಾಳೆ ನಿಮ್ಮ ಮನೆಯ ಕಾರ್ಯಕ್ಕೆ ಆ ಮನೆಯವರು 5,000 ಹೊಂದಿಸಬೇಕಾಗುತ್ತದೆ; ಹೊಂದಿಸಲಾಗದವರು ನಾಚಿಕೆಗೆ ಬರುವುದನ್ನೇ ಬಿಡುತ್ತಾರೆ. ನಾಟಿಗೆ, ರಾಗಿ ಕೊಯ್ಲಿಗೆ ಮುಯ್ಯಾಳಾಗಿ ಒಬ್ಬರ ಹೊಲಕ್ಕೆ ಒಬ್ಬರು ಹೋಗುತ್ತಿದ್ದುದು ಈಗ ಬಹುಪಾಲು ಕೂಲಿ, ಗುತ್ತಿಗೆ, ಮೆಷಿನ್ನಿಗೆ ತಿರುಗಿದೆ. ಅಲ್ಲಿ ನಿಮಗೆ ಹೆಚ್ಚು ಕೆಲಸವಿಲ್ಲ.

ಜಮೀನಿನ ಕಾಗದದ ವಿಷಯಕ್ಕೆ ಬರೋಣ, ಯಾಕೆಂದರೆ ಊರಿನ ನಂಟು ಹೆಚ್ಚಾಗಿ ಹರಿಯುವುದು ಇಲ್ಲಿ. ಪಹಣಿ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ಅಜ್ಜನ ಹೆಸರಿದೆ ಅಂದಿರಿ. 12ನೇ ಕಾಲಂನಲ್ಲಿ ಸಾಗುವಳಿ ಯಾರದು, ಬೆಳೆ ಏನು ಅಂತ ನೋಡಿ. 11ನೇ ಕಾಲಂನಲ್ಲಿ ಸಾಲ, ಋಣ ಏನಾದರೂ ಇದೆಯಾ ನೋಡಿ. ಆಮೇಲೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಆಕ್ಷೇಪಣೆಗೆ ನೋಟಿಸ್ ಆಗುತ್ತದೆ, ಯಾರ ತಕರಾರೂ ಇಲ್ಲದಿದ್ದರೆ ಖಾತೆ ಬದಲಾಗುತ್ತದೆ. 1964ರ ಭೂ ಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಹಕ್ಕು ಬಂದದ್ದನ್ನು ಮೂರು ತಿಂಗಳೊಳಗೆ ತಿಳಿಸಬೇಕು. ತಡವಾಯಿತೆಂದು ಹಕ್ಕು ಹೋಗುವುದಿಲ್ಲ. ಅಜ್ಜನ ಮರಣವನ್ನು ಆಗ ಯಾರೂ ನೋಂದಾಯಿಸದೆ ಇದ್ದರೆ ಮಾತ್ರ ಓಡಾಟ ಹೆಚ್ಚು, ಯಾಕೆಂದರೆ ಒಂದು ವರ್ಷ ಮೀರಿದ ಸಾವಿನ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ.

ವಂಶವೃಕ್ಷದಲ್ಲಿ ಅತ್ತೆಯಂದಿರ (ಅಪ್ಪನ ಅಕ್ಕತಂಗಿಯರ) ಹೆಸರು ಬಿಡುವುದು ನಮ್ಮ ಕಡೆ ದಿನಾ ನಡೆಯುವ ಅನ್ಯಾಯ. 'ಮದುವೆ ಮಾಡಿ ಕಳಿಸಾಯ್ತಲ್ಲ' ಅನ್ನುತ್ತಾರೆ. ಮಗಳು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ತಂದೆಯ ಸ್ವಯಾರ್ಜಿತಕ್ಕೆ ಮೊದಲ ದರ್ಜೆಯ ವಾರಸುದಾರಳು. 2005ರ ತಿದ್ದುಪಡಿ ಬಂದಮೇಲೆ ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಮಗನ ಸಮ. 2020ರಲ್ಲಿ ಸುಪ್ರೀಂ ಕೋರ್ಟ್, ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಹೇಳಿ ಆ ಗೊಂದಲವನ್ನೂ ತೀರಿಸಿತು. ಕಾನೂನು ಒಂದು ಕಡೆಗಿರಲಿ. ಬೆಂಗಳೂರು ಸೇರಿದ ಗಂಡುಮಕ್ಕಳಿಗಿಂತ ಪಕ್ಕದ ಊರಿಗೆ ಮದುವೆಯಾಗಿ ಹೋದ ಅತ್ತೆಯಂದಿರೇ ಹಬ್ಬಕ್ಕೆ, ಸಾವಿಗೆ ತವರಿಗೆ ಬಂದು ನಿಮ್ಮ ಮನೆಯ ಹೆಸರು ಉಳಿಸಿದವರು. ಅವರನ್ನು ಬಿಟ್ಟು ಖಾತೆ ಮಾಡಿಸಿಕೊಂಡು ಊರಿನವನಾಗಲು ಹೊರಟರೆ ಊರಲ್ಲಿ ನಿಮ್ಮ ಪರವಾಗಿ ಒಂದು ಮಾತಾಡುವವರು ಉಳಿಯುವುದಿಲ್ಲ. ಮೊದಲು ಎಲ್ಲರ ಹೆಸರಲ್ಲೂ ಜಂಟಿ ಖಾತೆ ಆಗಲಿ. ಪಾಲು ಬೇಕಾದರೆ ಆಮೇಲೆ 11ಇ ನಕ್ಷೆ (ಪಾಲಿನ ಅಳತೆಯ ಸರ್ವೆ ನಕ್ಷೆ) ಮಾಡಿಸಿ, ನೋಂದಾಯಿತ ವಿಭಾಗಪತ್ರ ಮಾಡಿಕೊಳ್ಳಿ. ಈಗ ಉಳುತ್ತಿರುವ ದಾಯಾದಿಯನ್ನು ಬಂದವರೇ ಎಬ್ಬಿಸಬೇಡಿ. ನಿಮ್ಮ ಬದು ಎಲ್ಲಿದೆ ಅಂತ ಗೊತ್ತಿರುವುದು ಅವರಿಗೇ.

ಮತದಾರರ ಪಟ್ಟಿಯನ್ನು ಊರಿಗೆ ಬದಲಿಸಿಕೊಂಡರೆ ಊರಿನವನಾಗುತ್ತೇನೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಮತ ಇರಬೇಕಾದ್ದು ನೀವು ವಾಸ ಇರುವ ಕಡೆ, ಅದೂ ಒಂದೇ ಕಡೆ. ಬರೀ ಮನೆ ಇದೆ ಅನ್ನುವ ಕಾರಣಕ್ಕೆ ಅಲ್ಲಿನ ವಾಸಿ ಅಂತ ಆಗುವುದಿಲ್ಲ ಅಂತ 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ಬಿಡಿಸಿ ಹೇಳುತ್ತದೆ. ಪಂಚಾಯಿತಿ ಚುನಾವಣೆಯಲ್ಲಿ ಯಾರೋ ಮಾಡಿಕೊಟ್ಟ ಬಸ್ಸಿನಲ್ಲಿ ಬಂದು ಮತ ಹಾಕಿ ಹೋಗುವವರನ್ನು ಊರು ಯಾವ ಕಣ್ಣಿನಿಂದ ನೋಡುತ್ತದೆ ಅಂತ ಊರಲ್ಲಿರುವವರನ್ನು ಕೇಳಿ. ಚರಂಡಿ, ನೀರು, ಶಾಲೆಯ ಬಗ್ಗೆ ತೀರ್ಮಾನ ಮಾಡುವ ಗ್ರಾಮಸಭೆ ಅಲ್ಲಿ ಬದುಕುವವರದೇ ಆಗಿರಲಿ.

ನಿಮ್ಮ ಮನೆ ಯಾವ ಕೇರಿಯದು ಅಂತ ನೀವು ಬರೆದಿಲ್ಲ. ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಅದರ ಮೇಲೆ ನಿಂತಿದೆ. ವರಿ ಪುಸ್ತಕ ಎಲ್ಲರದ್ದೂ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ದಲಿತ ಕೇರಿಯ ವರಿಯನ್ನು ಬೇರೆ ಬರೆಯುವ, ಹಣ ತೆಗೆದುಕೊಂಡು ಗುಡಿಯ ಹೊಸ್ತಿಲಾಚೆಯೇ ನಿಲ್ಲಿಸುವ, ಟಮಟೆ ಬೇಕು ಹೊಡೆಯುವವನು ಬೇಡ ಅನ್ನುವ ಊರುಗಳು ಈಗಲೂ ಇವೆ. ಹಳ್ಳಿಯನ್ನು ಕೊಂಡಾಡುತ್ತಿದ್ದವರ ಎದುರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಡಿದ ಕಟುಮಾತು ಇದನ್ನು ಕಂಡೇ ಆಡಿದ್ದು. ನೀವು ಆ ಕೇರಿಯವರಾಗಿದ್ದರೆ ನನ್ನ ಸಲಹೆ ಪೂರ್ತಿ ಬೇರೆ: ಗುಡಿ, ನೀರು, ಸಭೆ ಮೂರರಲ್ಲೂ ಸಮನಾದ ಜಾಗವಿಲ್ಲದ ಕಡೆ ವರಿ ಕಟ್ಟಬೇಡಿ. ನಿಮ್ಮ ಕೇರಿಯ ಮಾರಮ್ಮನ ಹಬ್ಬ, ನಿಮ್ಮ ಕೇರಿಯ ಸಂಘ, ಅಂಬೇಡ್ಕರ್ ಭವನದ ಕೆಲಸ ಇವೆಯಲ್ಲ, ಅಲ್ಲಿ ಸೇರಿಕೊಳ್ಳಿ. ಗುಡಿಗೆ ಬಿಡದಿರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪರಿಶಿಷ್ಟರಿಗೆ ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಅಂತ ಬೆದರಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಬೆಂಗಳೂರಲ್ಲಿರುವ ನಿಮಗೆ ದೂರು ಕೊಟ್ಟು ನಿಲ್ಲುವ ಶಕ್ತಿ ಊರಲ್ಲಿ ಕೂಲಿ ಮಾಡಿ ಬದುಕುವವರಿಗಿಂತ ಹೆಚ್ಚಿದೆ, ಆದರೆ ಅದರ ಪೆಟ್ಟು ಬೀಳುವುದು ಅವರ ಮೇಲೆ. ಅವರನ್ನು ಕೇಳಿಯೇ ಹೆಜ್ಜೆ ಇಡಿ. ಮೇಲಿನ ಕೇರಿಯವರಾಗಿದ್ದರೆ, ಆ ಸಭೆಯಲ್ಲಿ ಯಾರು ಕಟ್ಟೆಯ ಮೇಲೆ, ಯಾರು ಕೆಳಗೆ ಅಂತ ಮೊದಲ ದಿನವೇ ನೋಡಿ. ಇದನ್ನು ಎತ್ತಿ ಮಾತಾಡುವ ಹಕ್ಕು ವರಿ ಕಟ್ಟುವವನಿಗೆ ಇರುತ್ತದೆ, ದೇಣಿಗೆ ಕೊಟ್ಟ ನೆಂಟನಿಗೆ ಇರುವುದಿಲ್ಲ.

ಊರಲ್ಲಿ ದಾಯಾದಿಗಳೂ ಇಲ್ಲ, ಸಾಲೂ ಸಿಗಲಿಲ್ಲ ಅನ್ನುವ ಪರಿಸ್ಥಿತಿ ಬಂದರೆ ಮನೆದೇವರ ದಾರಿ ಇದೆ. ಆದಿಚುಂಚನಗಿರಿಯೋ, ಮಲೆಮಹದೇಶ್ವರನ ಬೆಟ್ಟವೋ, ಪಕ್ಕದ ಹೋಬಳಿಯ ಒಂದು ಸಣ್ಣ ಗುಡಿಯೋ, ಯಾವುದೇ ಇರಲಿ, ಒಂದೇ ದೇವರಿಗೆ ನಡೆದುಕೊಳ್ಳುವ ಮನೆಗಳವರು ಅಲ್ಲಿ ಸಿಗುತ್ತಾರೆ. ಜಮೀನು ಮಾರಿ ಊರು ಬಿಟ್ಟವರೂ ಮುಡಿ ಕೊಡಲು, ಮದುವೆಯ ಮೊದಲ ಪತ್ರಿಕೆ ಇಡಲು ಅಲ್ಲಿಗೆ ಬರುತ್ತಾರೆ. ಸಣ್ಣ ಗುಡಿಯಾದರೆ ಪೂಜಾರಿಯ ಹತ್ತಿರ ಕೂತು ನಿಮ್ಮ ಮನೆತನದ ಹೆಸರು ಹೇಳಿ. ದಾಯಾದಿಗಳು ಚದುರಿ ಯಾವ ಊರಲ್ಲಿದ್ದಾರೆ ಅಂತ ಅವರಿಗೆ ಗೊತ್ತಿರುವುದುಂಟು.

ಮನೆ ಕಟ್ಟುವ ವಿಷಯ ಕೊನೆಗೆ. ಬಿದ್ದ ಮನೆಯ ಜಾಗದ ಕಂದಾಯವನ್ನು ಈಗಲೇ ಪಂಚಾಯಿತಿಯಲ್ಲಿ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಖಾತೆ ಸರಿಯಾದ ಮೇಲೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9, 11 ಮಾಡಿಸಿಕೊಳ್ಳಿ. ಗೋಡೆ ಎಬ್ಬಿಸುವುದು ಕೆಲವು ಹಬ್ಬ ಕಳೆಯಲಿ. ಖಾಲಿ ಬೀಗ ಹಾಕಿದ ಟೈಲ್ಸ್ ಮನೆಗಳು ನಮ್ಮ ಕಡೆ ಊರಿಗೆ ನಾಲ್ಕೈದು ಸಿಗುತ್ತವೆ. ಅಂಗಳದಲ್ಲಿ ಪಕ್ಕದವರ ಹುಲ್ಲಿನ ಮೆದೆ, ಒಳಗೆ ಗೆದ್ದಲು. ಕಟ್ಟುವುದೇ ಆದರೆ ಒಂದು ಕೋಣೆ, ಒಂದು ಅಡುಗೆಮನೆ, ಕಕ್ಕಸು, ಮುಂದೆ ಹತ್ತು ಜನ ಕೂರುವಂಥ ಜಗಲಿ, ಇಷ್ಟು ಸಾಕು. ಬೀಗದ ಒಂದು ಕೈ ದಾಯಾದಿಯ ಮನೆಯಲ್ಲಿರಲಿ, ಅವರ ಮನೆಗೆ ನೆಂಟರು ಬಂದಾಗ ಬಳಸಿಕೊಳ್ಳಲಿ.

ಈ ವಾರ ನೀವು ಮಾಡಬಹುದಾದ್ದು ಎರಡು ಕೆಲಸ. ಅತ್ತೆಯಂದಿರ ಮನೆಗೆ ಹೋಗಿ ಬನ್ನಿ, ಅಜ್ಜನಿಗೆ ಊರಲ್ಲಿ ಏನಂತ ಕರೆಯುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ಆಮೇಲೆ ದಾಯಾದಿಗೆ ಫೋನ್ ಮಾಡಿ, ಹೋದ ಹಬ್ಬಕ್ಕೆ ಮನೆಗೆ ಎಷ್ಟು ವರಿ ಕೂತಿತ್ತು, ನಮ್ಮ ಮನೆಯದನ್ನು ಯಾರು ಕಟ್ಟಿದರು ಅಂತ ವಿಚಾರಿಸಿ.